ಆತಂಕ

‘ಮಗಳು ಇನ್ನೂ ಬಂದಿಲ್ಲ, ಆತಂಕ ಆಗ್ತಿದೆ’ ಎನ್ನುವಾಗ ನಾವು ಬಳಸುವುದು ಮೂಲತಃ ವೈದ್ಯರ ಪದ. ಸಂಸ್ಕೃತದಲ್ಲಿ ‘ತಕಿ’ ಎಂಬ ಧಾತುವಿಗೆ ಕಷ್ಟದಿಂದ ಬದುಕು ಎಂದು ಅರ್ಥ. ಅದಕ್ಕೆ ‘ಆ’ ಸೇರಿ ಆದದ್ದು ಆತಂಕ. ಆಯುರ್ವೇದದ ಚರಕಸಂಹಿತೆಯಲ್ಲಿ ನಿದಾನಸ್ಥಾನ ಎಂಬ ಭಾಗ ವ್ಯಾಧಿ, ಆಮಯ, ಗದ, ಜ್ವರ, ರೋಗಗಳ ಜೊತೆಗೆ ಆತಂಕವನ್ನೂ ಒಂದೇ ಅರ್ಥದ ಪದವಾಗಿ ಎಣಿಸುತ್ತದೆ. ‘ಮಾಧವನಿದಾನ’ ಎಂಬ ವೈದ್ಯಗ್ರಂಥದ ಒಂದು ವ್ಯಾಖ್ಯಾನಕ್ಕೆ ‘ಆತಂಕದರ್ಪಣ’ ಎಂದೇ ಹೆಸರು; ಅಲ್ಲಿ ಕನ್ನಡಿಯಲ್ಲಿ ಕಾಣುವುದು ಕಾಯಿಲೆ, ಕಳವಳವಲ್ಲ.

ಮೈಯ ನೋವು ಮನಸ್ಸಿನ ನೋವಾಗಿ ಬದಲಾದದ್ದು ಸಹಜವೇ. ಎದೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಹೊಟ್ಟೆಯಲ್ಲಿ ಸಂಕಟ: ಆತಂಕ ಇವತ್ತಿಗೂ ಮೈಯನ್ನು ಬಿಟ್ಟು ಹೋಗಿಲ್ಲ.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ: ಅಡಚಣೆ. ‘ಯಾವುದೇ ಅಡ್ಡಿ ಆತಂಕವಿಲ್ಲದೆ ಅನುಭವಿಸತಕ್ಕದ್ದು’ ಎಂದು ಕ್ರಯಪತ್ರ ಬರೆಯುವವರಿಗೆ ಮನಸ್ಸಿನ ಗೊಡವೆ ಇಲ್ಲ. ಹಿಂದಿಯಲ್ಲಂತೂ ಇದೇ ಪದ ಭಯಂಕರ ರೂಪ ತಾಳಿದೆ: ‘ಆತಂಕವಾದ’ ಎಂದರೆ ಭಯೋತ್ಪಾದನೆ. ಆ ಅರ್ಥ ಸುದ್ದಿಗಳ ಮೂಲಕ ಕನ್ನಡಕ್ಕೂ ಆಗಾಗ ನುಸುಳುತ್ತದೆ. ನನಗದು ಒಗ್ಗುವುದಿಲ್ಲ. ಮಗಳಿಗಾಗಿ ಬಾಗಿಲಲ್ಲಿ ನಿಂತ ತಾಯಿಯ ಪದವನ್ನು ಬಾಂಬಿಗೆ ಏಕೆ ಕೊಡಬೇಕು? ಅದಕ್ಕೆ ‘ಭಯೋತ್ಪಾದನೆ’ ಇದೆಯಲ್ಲ.