ಶಾಂತಲಾ

ಹೆಣ್ಣುಮಗುವಿಗೆ ಕೇಳಲು ಇಂಪಾದ, ಕರೆಯಲು ಸುಲಭವಾದ ಹೆಸರು ಹುಡುಕುವವರು ‘ಶಾಂತಲಾ’ ಎಂಬ ಹೆಸರನ್ನು ಮರೆಯಬಾರದು. ಕನ್ನಡ ನಾಡಿನ ಶಾಸನಗಳಲ್ಲಿ ಬೆಳಗಿದ ಹೆಸರಿದು.

ಇದರ ಮೊದಲ ಭಾಗ ಸಂಸ್ಕೃತದ ‘ಶಾಂತ’. ‘ಶಮ್’ ಧಾತುವಿನಿಂದ ಬಂದದ್ದು, ನೆಮ್ಮದಿಗೊಂಡ ಎಂದರ್ಥ. ಕೊನೆಯ ‘ಲ’ಕಾರ ಹೊಯ್ಸಳರ ಕಾಲದ ಹಲವು ರಾಣಿಯರ ಹೆಸರುಗಳಲ್ಲಿ ಕೇಳಿಸುತ್ತದೆ: ಏಚಲದೇವಿ, ಬಮ್ಮಲದೇವಿ, ಚಂದಲದೇವಿ, ಕೇತಲದೇವಿ. ಅದೇ ಕಾಲದಲ್ಲಿ ‘ಅಬ್ಬೆ’ ಸೇರಿದ ಹೆಸರುಗಳೂ ಬಳಕೆಯಲ್ಲಿದ್ದವು. ಹೊಯ್ಸಳ ರಾಣಿ ಶಾಂತಲೆಯ ತಾಯಿಯ ಹೆಸರೇ ಮಾಚಿಕಬ್ಬೆ. ‘ಅಬ್ಬೆ’ಯ ಹೆಸರುಗಳು ಇಂದು ತೊಟ್ಟಿಲ ಶಾಸ್ತ್ರದಲ್ಲಿ ಕೇಳಿಬರುವುದು ಅಪರೂಪ, ಶಾಂತಲಾ ಮಾತ್ರ ಉಳಿದು ಬಂದಿದೆ.

ಹೆಸರಿಗೆ ಈ ಕಳೆ ತಂದವಳು ಇದೇ ಶಾಂತಲೆ, ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದರಸಿ. ಸಂಗೀತ, ನೃತ್ಯಗಳಲ್ಲಿ ಅವಳಿಗಿದ್ದ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿ ಅವಳು ಕಟ್ಟಿಸಿದ್ದು. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಳು. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಅವಳನ್ನು ಮನೆಮನೆಯ ಓದುಗರಿಗೆ ಹತ್ತಿರ ಮಾಡಿತು.

ಬಳಕೆಯಲ್ಲಿ ಎರಡು ರೂಪಗಳಿವೆ. ‘ಶಾಂತಲೆ’ ಎಂದರೆ ‘ಶಾಂತಲೆಯ, ಶಾಂತಲೆಗೆ’ ಎಂದು ವಿಭಕ್ತಿ ಸಲೀಸಾಗಿ ಹತ್ತುತ್ತದೆ. ‘ಶಾಂತಲಾ’ ಎಂದರೆ ‘ಶಾಂತಲಾಳ, ಶಾಂತಲಾಗೆ’ ಎನ್ನಬೇಕು. ಮೊದಲನೆಯದು ಕಾವ್ಯ, ಚರಿತ್ರೆಗಳ ಬರಹಕ್ಕೆ ಒಗ್ಗುತ್ತದೆ. ಎರಡನೆಯದು ಜನನ ಪ್ರಮಾಣಪತ್ರಕ್ಕೂ ಶಾಲೆಯ ಹಾಜರಿಗೂ. ಮನೆಯಲ್ಲಿ ಮುದ್ದಿಗೆ ‘ಶಾಂತೂ’ ಎಂದರಾಯಿತು. ಮಗಳು ದೊಡ್ಡವಳಾಗಿ ‘ನನಗೇಕೆ ಈ ಹೆಸರು?’ ಎಂದು ಕೇಳಿದಾಗ, ಅವಳನ್ನು ಬೆಳಗೊಳಕ್ಕೆ ಕರೆದೊಯ್ದು ಆ ಬಸದಿಯನ್ನೇ ತೋರಿಸಬಹುದು.