ಎರೆನೆಲದ ಅಶ್ವವಿದ್ಯೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಕುಂದಗೋಳ, ಸಂಶಿಗಳನ್ನು ದಾಟಿದ ಮೇಲೆ ಎದುರಾಗುವ ಗುಡಗೇರಿಯ ಸುತ್ತಣ ಭೂಮಿಯು ಜೋಳ, ಹತ್ತಿ, ಕಡಲೆಗಳಿಗೆ ಎಷ್ಟು ಹಿತಕರವಾದುದೋ ಕುದುರೆಯ ಕಾಲಿಗೆ ಅಷ್ಟೇ ಕಠಿಣವಾದುದು. ಬೇಸಗೆಯಲ್ಲಿ ಬಿರುಕುಬಿಟ್ಟು ಗಟ್ಟಿಯಾಗುವ, ಮಳೆಗಾಲದಲ್ಲಿ ಹೊಡೆದ ಲಾಳವನ್ನೇ ಕಿತ್ತುಕೊಳ್ಳುವಷ್ಟು ಜಿಗುಟಾಗುವ ಈ ಎರೆಮಣ್ಣಿನಲ್ಲಿ ಎತ್ತಿನ ಸೀಳುಗೊರಸು ಹೇಗೋ ತನ್ನ ನೆಲೆಯನ್ನು ಕಂಡುಕೊಳ್ಳುತ್ತದೆ. ಕುದುರೆಯ ಒಂಟಿಗೊರಸಾದರೋ ಹೂತುಹೋಗಿ, ಅದನ್ನು ಕಿತ್ತೆತ್ತುವ ಪ್ರಯಾಸವೆಲ್ಲ ಮುಂಗಾಲಿನ ಹಿಂಬದಿಯ ಸ್ನಾಯುರಜ್ಜುಗಳ ಮೇಲೆ ಬೀಳುತ್ತದೆ. ಹೀಗಿದ್ದರೂ ಶತಮಾನಗಳ ಕಾಲ ಈ ಪ್ರಾಂತವು ಸಾಮಂತರ, ರಾವುತರ, ನವಾಬರ, ಪೇಶ್ವೆಯ ಸರದಾರರ ಕುದುರೆಗಳನ್ನು ಕಂಡಿತು. ಆ ಕುದುರೆಗಳ ಸಂಖ್ಯೆಯನ್ನು ನಮ್ಮ ಇತಿಹಾಸಗಳು ಆಸ್ಥೆಯಿಂದ ಬರೆದಿಟ್ಟಿವೆ. ದೂರದಿಂದ ತಂದ ಪ್ರಾಣಿಯನ್ನು ಈ ನೆಲದ ಮೇಲೆ ಕುಂಟದಂತೆ, ಬೆನ್ನು ಕುಸಿಯದಂತೆ ನಿಲ್ಲಿಸಿ ನಡೆಸಿದವರ ವಿಷಯದಲ್ಲಿ ಮಾತ್ರ ಬಹುಮಟ್ಟಿಗೆ ಮೌನವನ್ನು ತಾಳಿವೆ. ನನ್ನ ಪ್ರಯತ್ನವೆಲ್ಲ ಆ ಎರಡನೆಯ ಬಗೆಯ ಜನರನ್ನು ಅರಸುವುದಕ್ಕೆ ಸಂಬಂಧಿಸಿದುದು.

ಗುಡಗೇರಿಗೆ ದೊಡ್ಡ ಹಳಮೆಯಿದೆ. ಶಕ 998ರ, ಎಂದರೆ ಕ್ರಿ.ಶ. 1076ರ ಸುಮಾರಿನ ಇಲ್ಲಿಯ ಜೈನಶಾಸನವು ಶ್ರೀನಂದಿಪಂಡಿತನೆಂಬ ಆಚಾರ್ಯನ ಭೂದಾನಗಳನ್ನು ಮತ್ತರುಗಳ ಲೆಕ್ಕದಲ್ಲಿ ನಿರೂಪಿಸುತ್ತ, ಚಾಲುಕ್ಯ ರಾಜಕುಮಾರಿ ಕುಂಕುಮಮಹಾದೇವಿಯು ಪುಲಿಗೆರೆಯಲ್ಲಿ ಕಟ್ಟಿಸಿದ್ದ ಆನೆಸೆಜ್ಜೆಯ ಬಸದಿಯನ್ನೂ ಸ್ಮರಿಸುತ್ತದೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ; ಗುಡಗೇರಿಗೆ ಪೂರ್ವದಲ್ಲಿ, ಒಂದು ಹೊತ್ತಿನ ಕುದುರೆಯ ಪಯಣಕ್ಕೆ ಎಟಕುವಷ್ಟು ದೂರದಲ್ಲಿರುವ ಊರು. ಈ ಶಾಸನ ಹುಟ್ಟಿದ ಅರ್ಧ ಶತಮಾನದ ತರುವಾಯ, ಇದೇ ನಾಡನ್ನು ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ಮಾನಸೋಲ್ಲಾಸವೆಂಬ ಮಹಾಗ್ರಂಥವನ್ನು ರಚಿಸಿದನು. ರಾಜನಿಗೆ ಒಪ್ಪುವ ವಿನೋದಗಳನ್ನು ವರ್ಣಿಸುವ ಭಾಗದಲ್ಲಿ ಆತನು ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಳಿಗೆ ವಿಸ್ತಾರವಾದ ಸ್ಥಾನವನ್ನು ಕೊಟ್ಟು, ಅಶ್ವಗಳ ದೇಶಭೇದ, ವರ್ಣಭೇದ, ಮೈಮೇಲಿನ ಸುಳಿಗಳ ಶುಭಾಶುಭ, ನಡಿಗೆಯ ಭೇದ ಇವೆಲ್ಲವನ್ನೂ ಹೇಳಿದ್ದಾನೆ.

ಸುಳಿಯ ಶುಭಾಶುಭವನ್ನು ಇಂದಿನ ಓದುಗನು ಬದಿಗಿಡಬಹುದು. ನಮ್ಮ ದನದ ಸಂತೆಗಳಲ್ಲಿ ಎತ್ತಿನ ಹಣೆಯ ಸುಳಿಯನ್ನು ನೋಡುವ ಹಿರಿಯರು ಇನ್ನೂ ಇದ್ದಾರೆಂಬುದು ಬೇರೆ ಮಾತು. ಆದರೆ ನಡಿಗೆಯ ವಿಚಾರವು ಹಾಗೆ ಬದಿಗಿಡತಕ್ಕುದಲ್ಲ. ಧೌರಿತಕ, ವಲ್ಗಿತ, ಪ್ಲುತ, ರೇಚಿತ, ಆಸ್ಕಂದಿತ ಎಂದು ಅಶ್ವಗತಿಯನ್ನು ಐದಾಗಿ ವಿಂಗಡಿಸುವುದು ನಮ್ಮ ಕೋಶಕಾರರಿಗೂ ಅಶ್ವವೈದ್ಯದ ಆದ್ಯನೆನಿಸಿದ ಶಾಲಿಹೋತ್ರನ ಪರಂಪರೆಯ ವೈದ್ಯರಿಗೂ ಸಮ್ಮತವಾದ ಸಂಪ್ರದಾಯ. ನಾಲ್ಕು ಕಾಲುಗಳು ಯಾವ ಕ್ರಮದಲ್ಲಿ ನೆಲವನ್ನು ಮುಟ್ಟುತ್ತವೆ, ಯಾವುದು ತಡವಾಗಿ ಏಳುತ್ತದೆ, ಯಾವುದರ ಮೇಲೆ ಭಾರ ನಿಲ್ಲದೆ ಜಾರುತ್ತದೆ ಎಂಬುದನ್ನು ಬಹುಕಾಲ ಕಣ್ಣಿಟ್ಟು ನೋಡಿದವರಲ್ಲದೆ ಮತ್ತಾರೂ ಇಂಥ ವಿಂಗಡಣೆಯನ್ನು ಮಾಡಲಾರರು; ಕುಂಟನ್ನು ಮೊಟ್ಟಮೊದಲು ಗುರುತಿಸುವುದಾದರೂ ಅದೇ ಕಣ್ಣು. ವಾಹ್ಯಾಳಿಯಂಥ ಆಟದಲ್ಲಿ ಕುದುರೆಯು ಭರದಿಂದ ಓಡಿ, ಥಟ್ಟನೆ ನಿಂತು, ಹಿಂಗಾಲಿನ ಮೇಲೆ ತಿರುಗಿ ಮತ್ತೆ ಓಡಬೇಕಾಗುವುದರಿಂದ, ಬೆನ್ನಿಗೂ ಹಿಂಬದಿಗೂ ಬಲ ಬರುವಂತೆ ಮೊದಲು ಪಳಗಿಸದ ಪ್ರಾಣಿಯು ಆ ಅಂಗಣದಲ್ಲಿ ಬಹಳ ದಿನ ಬಾಳುವಂತಿರಲಿಲ್ಲ. ಸಾಹಣಿಯೆಂಬ ಬಿರುದಿನಿಂದ ಕನ್ನಡ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಲಾಯದ ಅಧಿಕಾರಿಯ ಹೆಸರಾದರೂ ನಮಗೆ ಅಲ್ಲಲ್ಲಿ ದೊರೆಯುತ್ತದೆ. ಆತನ ಕೈಕೆಳಗೆ ನಸುಕಿನಲ್ಲಿ ಕುದುರೆಯನ್ನು ಸುತ್ತು ತಿರುಗಿಸುತ್ತಿದ್ದವನ ಹೆಸರು ದೊರೆಯುವುದಿಲ್ಲ.

ಕುದುರೆಯನ್ನು ಪಳಗಿಸುವ ಈ ವಿದ್ಯೆಯು ಲೋಕದಲ್ಲಿ ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ನಡುಭಾಗದ ಸುಮಾರಿಗೆ ಮಿತನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನು ಹಿಟ್ಟೈಟರ ರಾಜಧಾನಿಯಲ್ಲಿ ಜೇಡಿಮಣ್ಣಿನ ಫಲಕಗಳ ಮೇಲೆ ಬರೆಯಿಸಿದ ಕ್ರಮದಲ್ಲಿ, ರಥದ ಕುದುರೆಗಳಿಗೆ ತಿಂಗಳುಗಟ್ಟಲೆ ದಿನದಿನವೂ ಕೊಡಬೇಕಾದ ನಡಿಗೆ, ಓಟ, ಮೇವು, ನೀರು, ಸ್ನಾನಗಳ ವಿವರವಿದೆ. ಅದರಲ್ಲಿ ಓಟದ ಸುತ್ತುಗಳನ್ನು ಎಣಿಸುವುದಕ್ಕೆ ಬಳಸಿದ ಪದಗಳು ನಮ್ಮ ಏಕ, ಪಂಚ, ಸಪ್ತ, ವರ್ತನಗಳ ಬಂಧುಗಳೇ ಆಗಿವೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಗ್ರೀಕ ಲೇಖಕ ಕ್ಸೆನೊಫೋನನು, ಬಲಾತ್ಕಾರದಿಂದ ಮಾಡಿಸಿದ ಚಲನೆಯಲ್ಲಿ ಸೊಬಗಿರಲಾರದೆಂಬುದನ್ನು ತನ್ನ ಅಶ್ವಾರೋಹಣಗ್ರಂಥದಲ್ಲಿ ಸಾರಿದನು.

ಕನ್ನಡದಲ್ಲಿ ಪಶುವೈದ್ಯದ ಗ್ರಂಥಗಳು ಹುಟ್ಟಿದ ಕ್ರಮವೂ ಗಮನಾರ್ಹವಾಗಿದೆ. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ತಮ್ಮನಾದ ಕೀರ್ತಿವರ್ಮನು ಮೊದಲು ಬರೆದುದು ಗೋವೈದ್ಯವನ್ನು. ಅಭಿನವಚಂದ್ರನ ಅಶ್ವವೈದ್ಯವು ಬಂದುದು 1400ರ ಸುಮಾರಿಗೆ. ಪದ್ಮಣಪಂಡಿತನ ಹಯಸಾರಸಮುಚ್ಚಯವು ಅದಕ್ಕೂ ಈಚಿನದು, ಹದಿನೇಳನೆಯ ಶತಮಾನದ್ದು. ಎತ್ತು ಮನೆಯ ಪ್ರಾಣಿ, ಕುದುರೆ ಅರಮನೆಯ ಪ್ರಾಣಿ. ಮನೆಯ ಪ್ರಾಣಿಗೆ ನಾಡನುಡಿಯ ವೈದ್ಯವು ಮೊದಲು ಒದಗಿದುದು ನ್ಯಾಯವೇ ಸರಿ.

ಕುದುರೆಯು ಹೊರಗಿನಿಂದಲೇ ಬರಬೇಕಾಗಿತ್ತು, ಮತ್ತು ಅದು ಬಂದುದು ಹೆಚ್ಚಾಗಿ ಸಮುದ್ರದ ಮೇಲೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ತರಿಸಿದ ಸಾವಿರಾರು ಕುದುರೆಗಳು ಪಾಲನೆಯ ಅಜ್ಞಾನದಿಂದ ವರ್ಷದೊಳಗೇ ಸಾಯುತ್ತಿದ್ದವೆಂದೂ, ತಮ್ಮ ವ್ಯಾಪಾರಕ್ಕೆ ಕುಂದು ಬರಬಾರದೆಂದು ವರ್ತಕರು ಲಾಳ ಕಟ್ಟುವ ವೈದ್ಯರು ಬರದಂತೆ ತಡೆಯುತ್ತಿದ್ದರೆಂದೂ, ಉತ್ತಮ ಜೋಡಿಗೆ ಹುಟ್ಟಿದ ಮರಿಯೂ ಸೊಟ್ಟಗಾಲಿನದಾಗುತ್ತಿತ್ತೆಂದೂ ಹೇಳಿದ್ದಾನೆ. ಪ್ರವಾಸಿಯ ಮಾತಿನಲ್ಲಿ ಅತಿಶಯವಿರಬಹುದಾದರೂ ತಿರುಳು ಸುಳ್ಳಲ್ಲವೆಂಬುದಕ್ಕೆ ವಿಜಯನಗರದ ಇತಿಹಾಸವೇ ಸಾಕ್ಷಿ. ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ತುಗೀಜ ನೂನಿಜನು ಬರೆದಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಂತೂ ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡಲಾಗುತ್ತಿತ್ತೆಂದೂ ಆತನು ತಿಳಿಸುತ್ತಾನೆ. 1510ರಲ್ಲಿ ಗೋವೆಯು ಪೋರ್ತುಗೀಜರ ವಶವಾದ ಮೇಲೆ, ಗುಡಗೇರಿಗೆ ದಕ್ಷಿಣದಲ್ಲಿ ಅಷ್ಟೇನೂ ದೂರವಲ್ಲದ ಬಂಕಾಪುರದ ಅಧಿಪತಿಯೂ ಕುದುರೆಗಳಿಗಾಗಿ ಅವರ ನಾಯಕ ಅಲ್ಬುಕರ್ಕನ ಬಳಿಗೆ ದೂತರನ್ನು ಕಳುಹಿಸಿದನು. ಹೀಗೆ ಪರ್ಶಿಯಾ ಕೊಲ್ಲಿಯ ಹೊರ್ಮುಜಿನಲ್ಲಿ ಹಡಗೇರಿದ ತೇಜಿಗಳು ಪಶ್ಚಿಮಘಟ್ಟವನ್ನು ಹತ್ತಿ ನಮ್ಮ ಎರೆನೆಲಕ್ಕೆ ಕಾಲಿಟ್ಟವು.

ಹಡಗಿನಿಂದ ಇಳಿದ ಕುದುರೆಯ ಸ್ಥಿತಿಯನ್ನು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ವಾರಗಟ್ಟಲೆ ಓಲಾಡುವ ಹಲಗೆಯ ಮೇಲೆ ಕಟ್ಟಿಹಾಕಿಸಿಕೊಂಡು, ಬೀಳದಿರುವುದಕ್ಕಾಗಿ ಪ್ರತಿಕ್ಷಣವೂ ಮೈ ಬಿಗಿಹಿಡಿದು ನಿಂತ ಪ್ರಾಣಿಗೆ ಕಾಲು ಊದಿಕೊಂಡಿರುತ್ತದೆ, ಗೊರಸು ತೇಯದೆ ಬೆಳೆದಿರುತ್ತದೆ, ಹೊಟ್ಟೆಯ ಸ್ನಾಯುಗಳು ಸೊರಗಿ ಬೆನ್ನು ತಗ್ಗಾಗಿರುತ್ತದೆ. ಕುದುರೆಗೆ ಮನುಷ್ಯನಂತೆ ಕೊರಳಿನ ಕೆಳಗಿನ ಕಂಠಾಸ್ಥಿಯಿಲ್ಲ; ಅದರ ಎದೆಗೂಡು ಎರಡು ಹೆಗಲುಗಳ ನಡುವೆ ಕೇವಲ ಸ್ನಾಯುಗಳ ಬಲದಿಂದ ತೊಟ್ಟಿಲಂತೆ ತೂಗುತ್ತಿರುತ್ತದೆ. ದೇಹಭಾರದ ನೂರರಲ್ಲಿ ಅರವತ್ತರಷ್ಟು ಪಾಲು ಸ್ವಭಾವತಃ ಮುಂಗಾಲುಗಳ ಮೇಲಿರುವುದರಿಂದ, ಆ ಸ್ನಾಯುಗಳು ಸೋತು ಎದೆ ಕೆಳಕ್ಕಿಳಿದಾಗ ಪ್ರಾಣಿಯು ಕೊರಳನ್ನು ಮೇಲೆತ್ತಿ, ಬೆನ್ನನ್ನು ಬಿಗಿದು, ಹಿಂಗಾಲುಗಳನ್ನು ಹಿಂದೆಯೇ ಎಳೆಯುತ್ತ ನಡೆಯುತ್ತದೆ. ಅಂಥದರ ಮೇಲೆ ಜೀನು ಬಿಗಿದು ರಾವುತನು ಕುಳಿತರೆ ಬೆನ್ನೆಲುಬಿನ ಮೇಲ್ಚಾಚುಗಳು ಒಂದಕ್ಕೊಂದು ಸಮೀಪಿಸಿ ನೋವು ಹುಟ್ಟುತ್ತದೆ. ನೋವಿನಿಂದ ಬೆನ್ನು ಇನ್ನಷ್ಟು ಬಿಗಿಯುತ್ತದೆ. ಕಡೆಗೆ ಮುಂಗಾಲು ಕುಂಟುತ್ತದೆ. ಕುಂಟು ಕಾಣಿಸುವುದು ಕಾಲಿನಲ್ಲಿ, ಅದರ ಮೂಲ ಎಷ್ಟೋ ಸಲ ಬೆನ್ನಿನಲ್ಲಿ.

ಇದಕ್ಕೆ ಪರಿಹಾರವನ್ನು ಔಷಧಿಯೊಂದೇ ಕೊಡಲಾರದು. ಮೊದಲು ವಿಶ್ರಾಂತಿ, ಗೊರಸಿನ ಸಮತೋಲ ಮತ್ತು ಹದವರಿತ ಮೇವು. ಧಾನ್ಯವನ್ನು ಒಮ್ಮೆಲೇ ಹೆಚ್ಚಾಗಿ ತಿನ್ನಿಸಿದರೆ ಗೊರಸಿನೊಳಗಿನ ಪದರವೇ ಉರಿಗೊಂಡು ಪ್ರಾಣಿಯು ನಿಲ್ಲಲಾರದಂತಾಗುವುದರಿಂದ, ಹುರುಳಿಯನ್ನು ಬೇಯಿಸಿ ಮಿತವಾಗಿ ಕೊಡಬೇಕು. ಆಮೇಲೆ ಸವಾರನಿಲ್ಲದೆ ಕೈಯಲ್ಲಿ ಹಿಡಿದು ನಡೆಸುವುದು. ಆಮೇಲೆ ಹಗ್ಗದ ತುದಿಯಲ್ಲಿ ವಿಶಾಲವಾದ ವೃತ್ತದಲ್ಲಿ, ಎಡಕ್ಕೂ ಬಲಕ್ಕೂ ಸಮವಾಗಿ ತಿರುಗಿಸುವುದು. ಹಿಂದುಸ್ತಾನೀ ಸವಾರರು ಕಾವಾ ಎಂದು ಕರೆದುದು ಈ ಸುತ್ತನ್ನೇ. ವೃತ್ತದಲ್ಲಿ ನಡೆಯುವ ಕುದುರೆಯು ಮೈಯನ್ನು ತುಸು ಬಾಗಿಸಿ ಒಳಬದಿಯ ಹಿಂಗಾಲನ್ನು ಹೊಟ್ಟೆಯ ಕೆಳಕ್ಕೆ ತಂದಿಡುವುದರಿಂದ, ಹೊಟ್ಟೆಯ ಸ್ನಾಯುಗಳು ಬಿಗಿದು ಬೆನ್ನು ತಾನಾಗಿ ಮೇಲೇಳುತ್ತದೆ, ಕೊರಳು ಮುಂದಕ್ಕೂ ಕೆಳಕ್ಕೂ ಚಾಚುತ್ತದೆ, ಎದೆಗೂಡು ಹೆಗಲುಗಳ ನಡುವೆ ಮತ್ತೆ ಎತ್ತರಕ್ಕೆ ಬರುತ್ತದೆ. ಫ್ರಾನ್ಸಿನ ಲಾ ಗೆರಿನಿಯೇರನು ಹದಿನೆಂಟನೆಯ ಶತಮಾನದ ಪೂರ್ವಾರ್ಧದಲ್ಲಿ, ಹೆಗಲನ್ನು ಒಳಕ್ಕೆ ತಂದು ಓರೆಯಾಗಿ ನಡೆಸುವ ಅಭ್ಯಾಸವನ್ನು ಶಾಸ್ತ್ರೀಯವಾಗಿ ವಿವರಿಸಿದಾಗ ಆಶ್ರಯಿಸಿದುದೂ ಇದೇ ದೇಹಧರ್ಮವನ್ನು. ತಿಂಗಳುಗಳು ಹಿಡಿಯುವ ಕೆಲಸವಿದು, ಅವಸರ ಮಾಡಿದರೆ ಎಲ್ಲವೂ ಕೆಡುತ್ತದೆ. ಆದುದರಿಂದಲೇ ಯುದ್ಧಕ್ಕೆ ಹೊರಟ ಅರಸರ ಕಾಲದಲ್ಲಿ ಇದನ್ನು ಬಲ್ಲವನಿಗೆ ಬೆಲೆಯಿದ್ದರೂ ಸಮಯವಿರಲಿಲ್ಲ.

ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮೇಲೆ ಕುದುರೆಗಳ ಸಾಲೊಂದನ್ನು ಕೆತ್ತಿರುವುದನ್ನು ಅನೇಕರು ನೋಡಿರಬಹುದು. ಆನೆಗಳ, ಸೈನಿಕರ, ನರ್ತಕಿಯರ ಪಟ್ಟಿಕೆಗಳ ನಡುವೆ ಪರದೇಶದ ಉಡುಪಿನ ಸೇವಕರು ಕುದುರೆಗಳನ್ನು ಕೈಯಲ್ಲಿ ಹಿಡಿದು ನಡೆಸುತ್ತಿದ್ದಾರೆ. ನೋಡುವವರ ದೃಷ್ಟಿ ಸಾಮಾನ್ಯವಾಗಿ ಅಲಂಕಾರದ ಮೇಲೆ ನಿಲ್ಲುತ್ತದೆ. ನನಗಾದರೋ ಆ ಗೋಡೆಯ ಮುಖ್ಯ ಸಂಗತಿಯೆಂದರೆ, ರಾಜಮಂದಿರದ ಅಂಗಣದಲ್ಲಿ ಕುದುರೆಯ ಹಿಡಿಕಾರನಿಗೂ ಕಲ್ಲಿನಲ್ಲಿ ಸ್ಥಾನ ದೊರೆತಿರುವುದು. ಹೆಸರು ಅಲ್ಲಿಯೂ ಇಲ್ಲ, ರೂಪವಾದರೂ ಉಳಿದಿದೆ.

ವಿಜಯನಗರದ ಪತನದ ತರುವಾಯ ಈ ಸೀಮೆಯು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಗುಡಗೇರಿಗೆ ದಕ್ಷಿಣದ ಸವಣೂರಿನಲ್ಲಿ ನೆಲಸಿದ ಪಠಾಣ ನವಾಬರು ಒಂದು ಕಡೆ ಮರಾಠರನ್ನೂ ಇನ್ನೊಂದು ಕಡೆ ಮೈಸೂರನ್ನೂ ಓಲೈಸಬೇಕಾದ ಸಂಕಟದಲ್ಲಿ ಸಿಲುಕಿದರು. 1756ರಲ್ಲಿ ಪೇಶ್ವೆಯೂ 1786ರಲ್ಲಿ ಟೀಪುವೂ ಸವಣೂರಿನ ಮೇಲೆ ಏರಿ ಬಂದಾಗ ಈ ಹೊಲಗಳ ಮೇಲೆಲ್ಲ ಅಶ್ವಸೇನೆಗಳ ಹಾದಿಯಾಯಿತು. ಮುಂದೆ ಕುಂದಗೋಳವು ಜಮಖಂಡಿಯ, ಲಕ್ಷ್ಮೇಶ್ವರವು ಮಿರಜದ, ಪೇಶ್ವೆಯ ಸರದಾರರಾದ ಪಟವರ್ಧನರ ಪಾಲಿಗೆ ಸೇರಿದುವು. ಮರಾಠರ ಪದ್ಧತಿಯಲ್ಲಿ ಸರಕಾರದ ಕುದುರೆಯನ್ನೇರಿದವನು ಬಾರಗೀರ, ಸ್ವಂತ ಕುದುರೆಯನ್ನು ತಂದವನು ಶಿಲೇದಾರ. ಶಿಲೇದಾರನಿಗೆ ಕುದುರೆ ಸತ್ತರೆ ಜೀವನೋಪಾಯವೇ ಸತ್ತಂತೆ. ಅವನು ಅದನ್ನು ಯುದ್ಧದ ಮುಂಚೂಣಿಗೆ ಒಯ್ಯಲು ಹಿಂಜರಿಯುತ್ತಿದ್ದನೆಂದು ದೂರುವ ಸೇನಾಪತಿಗಳಿದ್ದರು. ಪ್ರಾಣಿಯ ಪಕ್ಷದಿಂದ ನೋಡುವ ನನಗೆ ಆ ಹಿಂಜರಿಕೆಯು ದೋಷವಾಗಿ ತೋರುವುದಿಲ್ಲ. ಭೀಮಾತೀರದ ಭೀಮಥಡಿ ತಟ್ಟುಗಳು ಗಾತ್ರದಲ್ಲಿ ಚಿಕ್ಕವಾದರೂ ಕಾಲುಗಟ್ಟಿಯಾದವು, ಒಣಮೇವಿನ ಮೇಲೆ ದಿನಗಟ್ಟಲೆ ನಡೆಯಬಲ್ಲವು. ದಖ್ಖನಿನ ನೆಲಕ್ಕೆ ಅರಬೀ ತೇಜಿಗಿಂತ ಅವೇ ಹೆಚ್ಚು ಹೊಂದಿಕೊಂಡುವು.

ಈ ಕಾಲದಲ್ಲಿಯೇ ನಮ್ಮ ಕಡೆಯ ಮಾತಿನಲ್ಲಿ ಅಶ್ವವೃತ್ತಿಯ ಹೆಸರುಗಳು ಬೇರೂರಿದುವು. ಕುದುರೆಯನ್ನು ಪಳಗಿಸಿ ದುಡಕಿ, ರಹವಾಲ, ನಾಗಾಲೋಟಗಳೆಂಬ ನಡಿಗೆಗಳನ್ನು ಕಲಿಸುವವನು ಚಾಬುಕಸ್ವಾರ. ರೋಗವನ್ನು ನೋಡುವವನು ಸಾಲೋತ್ರಿ. ಗೊರಸು ಕೆತ್ತಿ ಲಾಳ ಹೊಡೆಯುವವನು ನಾಲಬಂದ. ನಾಲಬಂದ ಎಂಬುದು ಹುಬ್ಬಳ್ಳಿ-ಧಾರವಾಡಗಳಲ್ಲಿ ಇಂದಿಗೂ ಅಡ್ಡಹೆಸರಾಗಿ ಉಳಿದಿದೆ. ಇವರಲ್ಲಿ ನಾಲಬಂದನ ಹೊಣೆಯೇ ದೊಡ್ಡದೆಂದು ನಾನು ಎಣಿಸುತ್ತೇನೆ. ಗೊರಸಿನ ಹಿಮ್ಮಡಿಯನ್ನು ಕೂದಲೆಳೆಯಷ್ಟು ಹೆಚ್ಚಾಗಿ ಕೆತ್ತಿದರೂ ಕಾಲಿನ ಕೋನ ತಪ್ಪಿ, ಆ ತಪ್ಪು ಮೊಣಕಾಲು, ಹೆಗಲು, ಬೆನ್ನುಗಳವರೆಗೆ ಏರುತ್ತದೆ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ಹರಡಿದಾಗ ಸವಾರಿಯ ಕುದುರೆಯ ಕಾಲ ಮುಗಿಯಿತು, ಟಾಂಗಾದ ಕುದುರೆಯ ಕಾಲ ಮೊದಲಾಯಿತು. 1886ರಲ್ಲಿ ಮುಂಬಯಿಯ ಪರಳದಲ್ಲಿ ಪಶುವೈದ್ಯ ಮಹಾವಿದ್ಯಾಲಯವು ತೆರೆಯಿತು. 1890ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆ ಬಂದಿತು. ಆದರೆ ಹಳೆಯ ಸಾಲೋತ್ರಿಯ ಮತ್ತು ಚಾಬುಕಸ್ವಾರನ ಕೈಯಲ್ಲಿದ್ದುದನ್ನು ಹೊಸ ವಿದ್ಯಾಲಯವು ಕೇಳಿ ಬರೆದುಕೊಂಡುದು ಕಡಿಮೆ. ಟಾಂಗಾದ ಕುದುರೆಯ ಹೆಗಲಿನ ಹುಣ್ಣು, ಕಲ್ಲಿನ ರಸ್ತೆಯಲ್ಲಿ ತೇದ ಗೊರಸು, ಜಾರುವ ಭಯದಿಂದ ಸದಾ ಮೇಲೆತ್ತಿದ ಕೊರಳು ಇವುಗಳನ್ನು ನೋಡುತ್ತ ಬೆಳೆದ ತಲೆಮಾರಿನವರು ಕುದುರೆಯ ಸಹಜ ನಿಲುವೇ ಅದೆಂದು ತಿಳಿದುಕೊಂಡರೆ ಆಶ್ಚರ್ಯವಿಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಯು ಪೂರ್ತಿಯಾಗಿ ನಂದಿಲ್ಲ. ಟೀಪುವಿನ ಕಾಲದಲ್ಲಿ ಮೊದಲಾದ ಕುಣಿಗಲ್ಲಿನ ಅಶ್ವಪಾಲನ ಕೇಂದ್ರವು ಎರಡು ಶತಮಾನಗಳನ್ನು ದಾಟಿ ಉಳಿದುಬಂದಿತು. ಮೈಸೂರಿನ ಅಶ್ವಾರೋಹಿ ಪೊಲೀಸರ ಲಾಯದಲ್ಲಿ, ಪಂದ್ಯಗಳಿಂದ ನಿವೃತ್ತವಾದ ಜೂಜುಕುದುರೆಗಳನ್ನು ತಂದು ಮರುಶಿಕ್ಷಣ ಕೊಡುವ ಪದ್ಧತಿಯಿದೆ. ಮುಂಗಾಲಿನ ಮೇಲೆ ಭಾರ ಚೆಲ್ಲಿ ನಾಗಾಲೋಟವನ್ನಷ್ಟೇ ಕಲಿತ ಪ್ರಾಣಿಗೆ ದಸರೆಯ ಜನಸಂದಣಿಯಲ್ಲಿ ನೆಟ್ಟಗೆ, ನಿಧಾನವಾಗಿ ನಡೆಯುವುದನ್ನು ಕಲಿಸಬೇಕಾದರೆ ಮೊದಲಿನಿಂದ ಕಲಿಸಿದಷ್ಟೇ ಶ್ರಮ ಬೇಕು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡೆಗಳ ಅಶ್ವಾರೋಹಣದಲ್ಲಿ ಎರಡು ಬೆಳ್ಳಿಯ ಪದಕಗಳನ್ನು ಗೆದ್ದುದರ ಹಿಂದೆಯೂ ದಿನದಿನದ ಇಂಥ ಅಭ್ಯಾಸವೇ ಇದೆ.

ಧಾರವಾಡ ಸೀಮೆಯಲ್ಲಿ ಮಾಡಬೇಕಾದ ಕೆಲಸವೊಂದು ಬಾಕಿಯಿದೆ, ಮತ್ತು ಅದಕ್ಕೆ ಹೆಚ್ಚು ಕಾಲಾವಕಾಶವಿಲ್ಲ. ನಾಲಬಂದರ, ಟಾಂಗಾ ಹೊಡೆದವರ ಮನೆಗಳಲ್ಲಿ ಉಳಿದಿರಬಹುದಾದ ಕೆತ್ತುವ ಉಳಿಗಳನ್ನೂ ಲಾಳಗಳ ಮಾದರಿಗಳನ್ನೂ, ಅದಕ್ಕಿಂತ ಮಿಗಿಲಾಗಿ ಕುಂಟಿನ ಬಗೆಗಳಿಗೆ ಅವರು ಇಟ್ಟ ಹೆಸರುಗಳನ್ನೂ ನಮ್ಮ ವಿಶ್ವವಿದ್ಯಾಲಯವೂ ವಿದ್ಯಾವರ್ಧಕ ಸಂಘವೂ ಈಗಲೇ ಸಂಗ್ರಹಿಸಬೇಕು. ಬಡೋದೆಯಲ್ಲಿ 1925ರಿಂದ ಸಂಪುಟಗಳಾಗಿ ಅಚ್ಚಾದ ಮಾನಸೋಲ್ಲಾಸದ ಅಶ್ವಭಾಗವನ್ನು ಪಶುವೈದ್ಯರೊಬ್ಬರೂ ಸಂಸ್ಕೃತಜ್ಞರೊಬ್ಬರೂ ಕೂಡಿ ಕುಳಿತು ಕನ್ನಡದಲ್ಲಿ ವ್ಯಾಖ್ಯಾನಿಸಬೇಕು. ಹಾಗೆ ಮಾಡುವಾಗ ಗೊರಸಿನ ವಿಷಯ ಬಂದಲ್ಲೆಲ್ಲ ಹಳೆಯ ನಾಲಬಂದನೊಬ್ಬನನ್ನೂ ಜೊತೆಗೆ ಕೂರಿಸಿಕೊಳ್ಳಬೇಕು.