ಲೆಮ್ಕೊ ಕುಲನಾಮಗಳು: ಬರಿದಾದ ಹಳ್ಳಿಗಳಲ್ಲಿ ಬೇರುಗಳ ಶೋಧ

ಆಗ್ನೇಯ ಪೋಲೆಂಡಿನ ಕಾರ್ಪಾಥಿಯನ್ ಪರ್ವತಗಳ ಇಳಿಜಾರಿನಲ್ಲಿ ಶತಮಾನಗಳ ಕಾಲ ನೆಲೆಸಿದ್ದ ಲೆಮ್ಕೊ ಜನರ ವಂಶಜರು ಇಂದು ಪೋಲೆಂಡಿನ ಇತರ ಭಾಗಗಳು, ಉಕ್ರೇನ್, ಅಮೆರಿಕ ಮತ್ತು ಕೆನಡಾಗಳಲ್ಲಿ ಚದುರಿಹೋಗಿದ್ದಾರೆ. ಪೂರ್ವಿಕರ ಊರನ್ನು ಅರಸಿ ಹೊರಡುವವರ ಬಳಿ ಅನೇಕ ವೇಳೆ ಉಳಿದಿರುವುದು ಒಂದು ಕುಲನಾಮ ಮಾತ್ರ. ಆ ಹೆಸರಿಗೆ ಊರು, ಮನೆ ಮತ್ತು ವಂಶವನ್ನು ಜೋಡಿಸಿಕೊಡುವ ಪ್ರಮುಖ ಆಧಾರವೆಂದರೆ ಹಳ್ಳಿಯ ಚರ್ಚಿನ ದಾಖಲೆ ಪುಸ್ತಕಗಳು.

ಯಾರು ಈ ಲೆಮ್ಕೊಗಳು?

ಇವರು ಪೂರ್ವ ಸ್ಲಾವ್ ಮೂಲದವರು. ಇವರ ನುಡಿಯಲ್ಲಿ ‘ಲೆಮ್’ ಎಂದರೆ ‘ಮಾತ್ರ’. ಈ ಪದದ ಬಳಕೆಯಿಂದಲೇ ಲೆಮ್ಕೊ ಎಂಬ ಹೆಸರು ಹುಟ್ಟಿತು. ಆದರೆ ಹಿಂದಿನ ತಲೆಮಾರಿನವರು ತಮ್ಮನ್ನು ರುಸಿನ್ ಅಥವಾ ರುಸ್ನಾಕ್ ಎಂದು ಕರೆದುಕೊಳ್ಳುತ್ತಿದ್ದರು. ಆದ್ದರಿಂದ ಹಳೆಯ ಕಾಗದಪತ್ರಗಳಲ್ಲಿ ಲೆಮ್ಕೊ ಎಂಬ ಪದವನ್ನೇ ಹುಡುಕಿದರೆ ನಿರಾಶೆ ಖಚಿತ. ‘ಗ್ರೀಕ್ ಕ್ಯಾಥೊಲಿಕ್’ ಎಂಬ ಧರ್ಮಸೂಚನೆ ಹೆಚ್ಚು ಉಪಯುಕ್ತ ಸುಳಿವು.

1947ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರಕಾರವು ‘ವಿಸ್ತುಲಾ ಕಾರ್ಯಾಚರಣೆ’ಯಡಿ ಸುಮಾರು 1,40,000 ಉಕ್ರೇನಿಯನ್ನರು ಮತ್ತು ಲೆಮ್ಕೊಗಳನ್ನು ಬಲವಂತವಾಗಿ ದೇಶದ ಪಶ್ಚಿಮ ಮತ್ತು ಉತ್ತರ ಭಾಗಗಳಿಗೆ ಸಾಗಿಸಿತು. ಅದಕ್ಕೂ ಮೊದಲು, 1944–46ರಲ್ಲಿ ಹಲವರನ್ನು ಸೋವಿಯತ್ ಉಕ್ರೇನಿಗೆ ಕಳುಹಿಸಲಾಗಿತ್ತು. ಹಲವು ಹಳ್ಳಿಗಳು ಬರಿದಾದವು. ಹೀಗಾಗಿ ಊರಿಗೆ ಹೋಗಿ ಹಿರಿಯರನ್ನು ಕೇಳಿ ತಿಳಿಯುವ ದಾರಿ ಅನೇಕ ಕುಟುಂಬಗಳ ಪಾಲಿಗೆ ಮುಚ್ಚಿಹೋಯಿತು.

ಮೊದಲು ಊರು, ನಂತರ ಹೆಸರು

ಒಂದೇ ಕುಲನಾಮ ಹಲವು ಹಳ್ಳಿಗಳಲ್ಲಿ ಕಂಡುಬರುವುದರಿಂದ ಊರನ್ನು ಮೊದಲು ಗುರುತಿಸುವುದು ಅಗತ್ಯ. ಅಮೆರಿಕಕ್ಕೆ ವಲಸೆ ಹೋದವರ ವಿಷಯದಲ್ಲಿ ಹಡಗಿನ ಪ್ರಯಾಣಿಕರ ಪಟ್ಟಿಗಳು ನೆರವಾಗುತ್ತವೆ. 1907ರ ನಂತರದ ಪಟ್ಟಿಗಳಲ್ಲಿ ತಾಯ್ನಾಡಿನಲ್ಲಿರುವ ಸಮೀಪದ ಬಂಧುವಿನ ಹೆಸರು ಮತ್ತು ವಿಳಾಸವನ್ನೂ ಕೇಳಲಾಗುತ್ತಿತ್ತು.

ಎಲ್ಲ ಹಳ್ಳಿಗಳೂ ಸ್ವತಂತ್ರ ಧರ್ಮಕೇಂದ್ರಗಳಾಗಿರಲಿಲ್ಲ. ಸಣ್ಣ ಊರುಗಳು ನೆರೆಯ ಧರ್ಮಕೇಂದ್ರಕ್ಕೆ ಸೇರಿದ ಉಪಚರ್ಚುಗಳನ್ನು ಹೊಂದಿದ್ದವು. ಯಾವ ಊರು ಯಾವ ಧರ್ಮಕೇಂದ್ರಕ್ಕೆ ಸೇರಿತ್ತು, ಪಾದ್ರಿ ಯಾರು, ಭಕ್ತರೆಷ್ಟು ಎಂಬ ವಿವರಗಳು ‘ಶೆಮಾಟಿಸಂ’ ಎಂಬ ಚರ್ಚ್ ಕೈಪಿಡಿಗಳಲ್ಲಿವೆ. ಲೆಮ್ಕೊ ಪ್ರದೇಶಕ್ಕೆಂದೇ 1934ರಲ್ಲಿ ರಚನೆಯಾದ ಪ್ರತ್ಯೇಕ ಚರ್ಚ್ ಆಡಳಿತದ ಕೈಪಿಡಿ 1936ರಲ್ಲಿ ಪ್ರಕಟವಾಯಿತು. 1926ರಿಂದ ಹಲವು ಹಳ್ಳಿಗರು ಆರ್ಥೊಡಾಕ್ಸ್ ಪಂಥಕ್ಕೆ ಸೇರಿದ ಕಾರಣ, ನಂತರದ ವರ್ಷಗಳಿಗೆ ಆ ಚರ್ಚಿನ ದಾಖಲೆಗಳನ್ನೂ ನೋಡಬೇಕಾಗುತ್ತದೆ.

ದಾಖಲೆಯಲ್ಲಿ ಏನಿದೆ?

1772ರಲ್ಲಿ ಈ ಪ್ರದೇಶ ಆಸ್ಟ್ರಿಯಾದ ವಶವಾಯಿತು. ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲಿ ಜನನ, ವಿವಾಹ, ಮರಣಗಳನ್ನು ನಿಗದಿತ ಅಂಕಣಗಳಲ್ಲಿ ದಾಖಲಿಸುವಂತೆ ಪಾದ್ರಿಗಳಿಗೆ ಆದೇಶಿಸಿದ. ಮನೆ ಸಂಖ್ಯೆ, ತಂದೆತಾಯಿ, ದೀಕ್ಷಾಸ್ನಾನದ ಸಾಕ್ಷಿಗಳ ಹೆಸರುಗಳು ಅಲ್ಲಿ ದೊರೆಯುತ್ತವೆ. ಒಂದೇ ಹೆಸರಿನ ಎರಡು ಕುಟುಂಬಗಳನ್ನು ಬೇರ್ಪಡಿಸಲು ಮನೆ ಸಂಖ್ಯೆಯೇ ಅನುಕೂಲ.

ದಾಖಲೆಗಳು ಹೆಚ್ಚಾಗಿ ಲ್ಯಾಟಿನ್ ಭಾಷೆಯಲ್ಲಿವೆ. ಮನೆಯಲ್ಲಿ ‘ಇವಾನ್’ ಆಗಿದ್ದವನು ಪುಸ್ತಕದಲ್ಲಿ ‘ಯೊಆನ್ನೆಸ್’, ‘ಹ್ರಿತ್ಸ್’ ಆಗಿದ್ದವನು ‘ಗ್ರೆಗೊರಿಯುಸ್’. ಅನೇಕ ಕುಲನಾಮಗಳ ಕೊನೆಯಲ್ಲಿ ಬರುವ ‘ಆಕ್’, ‘ಚಾಕ್’ ಪ್ರತ್ಯಯಗಳು ಪೂರ್ವಿಕನ ಹೆಸರನ್ನು ಸೂಚಿಸಬಹುದು. ಫೆದೊರನ ವಂಶದವನು ‘ಫೆದೊರ್ಚಾಕ್’. ‘ಕೊವಾಲ್’ ಎಂದರೆ ಕಮ್ಮಾರ. ಇದೇ ಹೆಸರುಗಳನ್ನು ಸಿರಿಲಿಕ್, ಪೋಲಿಷ್, ಇಂಗ್ಲಿಷ್ ಲಿಪಿಗಳಲ್ಲಿ ಭಿನ್ನವಾಗಿ ಬರೆದಿರುವುದರಿಂದ ಎಲ್ಲ ರೂಪಗಳನ್ನೂ ಪರಿಶೀಲಿಸಬೇಕು. ಗ್ರೀಕ್ ಕ್ಯಾಥೊಲಿಕರು ಜೂಲಿಯನ್ ಪಂಚಾಂಗ ಅನುಸರಿಸುತ್ತಿದ್ದರು. ಹೀಗಾಗಿ ಒಂದೇ ಘಟನೆಯ ದಿನಾಂಕದಲ್ಲಿ 19ನೇ ಶತಮಾನದಲ್ಲಿ 12, 20ನೇ ಶತಮಾನದಲ್ಲಿ 13 ದಿನಗಳ ವ್ಯತ್ಯಾಸ ಕಾಣಬಹುದು.

100 ವರ್ಷ ದಾಟಿದ ಜನನ ದಾಖಲೆಗಳು ಹಾಗೂ 80 ವರ್ಷ ದಾಟಿದ ವಿವಾಹ, ಮರಣ ದಾಖಲೆಗಳು ಪೋಲೆಂಡಿನ ಸರಕಾರಿ ಪತ್ರಾಗಾರಗಳಿಗೆ ಸೇರುತ್ತವೆ. ಗ್ರೀಕ್ ಕ್ಯಾಥೊಲಿಕ್ ಧರ್ಮಪ್ರಾಂತದ ಹಳೆಯ ಕಡತಗಳು ಪ್ಶೆಮಿಶ್ಲ್ ನಗರದ ಪತ್ರಾಗಾರದಲ್ಲಿವೆ.

ಮರಳಿ ಬಂದ ಹೆಸರು

ಇಂಥ ದಾಖಲೆಯ ಮಹತ್ವಕ್ಕೆ ಚಿತ್ರಕಾರ ನಿಕಿಫೊರ್ (1895–1968) ನಿದರ್ಶನ. ಕ್ರಿನಿತ್ಸಾ ಪಟ್ಟಣದ ಬಡ ಲೆಮ್ಕೊ ಮಹಿಳೆಯ ಮಗನಾದ ಈತನಿಗೆ ಮಾತು ಸ್ಪಷ್ಟವಾಗಿರಲಿಲ್ಲ. 1947ರಲ್ಲಿ ಗಡೀಪಾರಾದರೂ ಈತ ತನ್ನ ಊರಿಗೇ ಮರಳಿದ. 1962ರಲ್ಲಿ ಅಧಿಕಾರಿಗಳು ಊರ ಹೆಸರನ್ನೇ ಕುಲನಾಮವಾಗಿಸಿ ‘ನಿಕಿಫೊರ್ ಕ್ರಿನಿತ್ಸ್ಕಿ’ ಎಂದು ದಾಖಲಿಸಿದರು. ದೀಕ್ಷಾಸ್ನಾನದ ದಾಖಲೆಯ ಆಧಾರದ ಮೇಲೆ ‘ಎಪಿಫಾನಿಯುಷ್ ದ್ರೋವ್ನ್ಯಾಕ್’ ಎಂಬ ನಿಜನಾಮಕ್ಕೆ ನ್ಯಾಯಾಲಯದ ಮಾನ್ಯತೆ ದೊರೆತದ್ದು 2003ರಲ್ಲಿ, ಆತ ತೀರಿಕೊಂಡು 35 ವರ್ಷಗಳಾದ ಬಳಿಕ.

ಲೆಮ್ಕೊ ಹಳ್ಳಿಗಳ ಕೆಲವು ಮರದ ಚರ್ಚುಗಳು ಇಂದಿಗೂ ಉಳಿದಿವೆ. ಪೋಲೆಂಡ್ ಮತ್ತು ಉಕ್ರೇನಿನ ಕಾರ್ಪಾಥಿಯನ್ ಪ್ರದೇಶದ 16 ಚರ್ಚುಗಳನ್ನು ಯುನೆಸ್ಕೊ 2013ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು, ಅವುಗಳಲ್ಲಿ ಲೆಮ್ಕೊ ಹಳ್ಳಿಯಾದ ಕ್ವ್ಯಾತೊನ್‌ನ ಚರ್ಚೂ ಒಂದು. ಊರಿಗೆ ಭೇಟಿ ನೀಡುವವರು ಸ್ಮಶಾನದ ಶಿಲುಬೆಗಳ ಮೇಲಿನ ಸಿರಿಲಿಕ್ ಬರಹವನ್ನು ಚರ್ಚಿನ ದಾಖಲೆಯೊಂದಿಗೆ ಹೋಲಿಸಿ ನೋಡುವುದು ಸೂಕ್ತ.